ರಿಜಿಸ್ಟ್ರಿ ಆಯ್ತು ಸರಿ, ಸೈಟು ಯಾರದ್ದು?

ಚಿತ್ರದುರ್ಗದಿಂದ ಹೊಸಪೇಟೆ ಕಡೆ ಹೋಗುವ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಕಾನಹೊಸಹಳ್ಳಿ ಸಿಗುತ್ತದೆ. ಕೂಡ್ಲಿಗಿ ತಾಲ್ಲೂಕಿನ ಹೋಬಳಿ ಊರು. ಸುತ್ತ ಮಳೆ ನಂಬಿದ ಶೇಂಗಾ, ಮೆಕ್ಕೆಜೋಳದ ಹೊಲಗಳು. ಮಳೆ ಕೈಕೊಟ್ಟರೆ ಬೆಂಗಳೂರಿನ ಬಸ್ಸು. ಹೀಗೆ ಬಸ್ಸು ಹತ್ತಿದವರು ಹತ್ತು ಹನ್ನೆರಡು ವರ್ಷ ದುಡಿದು ಕೂಡಿಟ್ಟ ದುಡ್ಡಿನಲ್ಲಿ ಮೊದಲು ಮಾಡುವ ಕೆಲಸ ಒಂದೇ: ಊರ ಹತ್ತಿರ, ರಸ್ತೆ ಬದಿಗೆ ಒಂದು ಸೈಟು. ಮೂವತ್ತು ನಲವತ್ತು. ಆಮೇಲೆ ಮನೆ.

ಮನೆ ಕೊಳ್ಳುವವರಿಗೆ ಬುದ್ಧಿ ಹೇಳುವ ಲೇಖನಗಳಿಗೆ ಬರವಿಲ್ಲ. ಬಿಲ್ಡರ್ ಹೆಸರು ನೋಡಿ, ಬ್ಯಾಂಕ್ ಬಡ್ಡಿ ಹೋಲಿಸಿ, ರೇರಾ ನಂಬರ್ ಕೇಳಿ. ಅವೆಲ್ಲ ಬೆಂಗಳೂರಿನ ಫ್ಲ್ಯಾಟಿಗೆ ಸರಿ. ಹೋಬಳಿ ಊರಿನಲ್ಲಿ ಬಿಲ್ಡರೂ ಇಲ್ಲ, ಬ್ರೋಷರೂ ಇಲ್ಲ. ಹೊಲದಲ್ಲಿ ನೆಟ್ಟ ಕಲ್ಲು, ಪರಿಚಯದ ಮಧ್ಯವರ್ತಿ, ಒಂದು ಮಾತು: "ಎಲ್ಲಾ ಸರಿ ಐತಿ ಬಿಡ್ರಿ, ರಿಜಿಸ್ಟ್ರಿನೇ ಮಾಡಿಸಿ ಕೊಡ್ತೀವಿ." ಇಲ್ಲಿ ಆಗುವ ದುಬಾರಿ ತಪ್ಪು ಈ ಮಾತನ್ನು ನಂಬುವುದೇ.

ನೋಂದಣಿ ಅಂದರೆ ಒಡೆತನ ಅಲ್ಲ

ಸಬ್ ರಿಜಿಸ್ಟ್ರಾರ್ ಕಚೇರಿಯ ಮೊಹರು ಬಿದ್ದರೆ ಸರ್ಕಾರವೇ "ಇದು ನಿನ್ನದು" ಅಂದ ಹಾಗೆ ಅಂತ ನಮ್ಮಲ್ಲಿ ಬಹುತೇಕರು ತಿಳಿದಿದ್ದಾರೆ. ಹಾಗಿಲ್ಲ. 1908ರ ನೋಂದಣಿ ಕಾಯ್ದೆ ದಾಖಲೆಯನ್ನು ನೋಂದಾಯಿಸುತ್ತದೆ, ಹಕ್ಕನ್ನಲ್ಲ. ಮಾರುವವನಿಗೆ ಮಾರುವ ಹಕ್ಕಿದೆಯೇ ಎಂದು ತೀರ್ಮಾನಿಸುವ ಅಧಿಕಾರ ನೋಂದಣಾಧಿಕಾರಿಗೆ ಈ ಕಾಯ್ದೆಯಡಿ ಇಲ್ಲ ಎಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ, ತಮಿಳುನಾಡಿನ ನಿಯಮವೊಂದನ್ನು ರದ್ದು ಮಾಡುವಾಗ ಮತ್ತೆ ಹೇಳಿತು. ಮಾರುವವನಿಗೆ ಎಷ್ಟು ಹಕ್ಕಿತ್ತೋ ಅಷ್ಟೇ ಕೊಳ್ಳುವವನಿಗೆ ಬರುತ್ತದೆ. ಸೊನ್ನೆ ಇದ್ದರೆ ಸೊನ್ನೆ.

ಆದರೆ ದುಡ್ಡು ಮಾತ್ರ ಸೊನ್ನೆ ಅಲ್ಲ. ಕರ್ನಾಟಕ ಸರ್ಕಾರ 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕವನ್ನು 1%ನಿಂದ 2%ಗೆ ಏರಿಸಿತು. 5% ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್, ಸರ್ಚಾರ್ಜ್ ಸೇರಿಸಿದರೆ ಹತ್ತು ಲಕ್ಷದ ಸೈಟಿಗೆ ಸುಮಾರು 76 ಸಾವಿರ ರೂಪಾಯಿ. ಇಷ್ಟು ತೆಗೆದುಕೊಂಡ ಸರ್ಕಾರ ಒಡೆತನಕ್ಕೆ ಗ್ಯಾರಂಟಿ ಕೊಡುವುದಿಲ್ಲ. "ನೋಡಿಕೊಂಡು ತಗೋಬೇಕಿತ್ತು" ಅನ್ನುವುದು ಮಾತ್ರ ಉಚಿತ.

ಹೊಲ ಯಾವಾಗ ಸೈಟು ಆಗುತ್ತದೆ?

ಕಲ್ಲು ನೆಟ್ಟ ಕೂಡಲೇ ಅಲ್ಲ. ಕರ್ನಾಟಕ ಭೂಕಂದಾಯ ಕಾಯ್ದೆ 1964ರ ಸೆಕ್ಷನ್ 95ರಂತೆ ಕೃಷಿ ಜಮೀನು ಮೊದಲು ಭೂಪರಿವರ್ತನೆ ಆಗಬೇಕು. ನಂತರ ಬಡಾವಣೆ ನಕ್ಷೆಗೆ ಅನುಮೋದನೆ. ಆಮೇಲೆ ಪಂಚಾಯಿತಿಯ ಇ-ಸ್ವತ್ತು: ಕ್ರಮಬದ್ಧ ಸ್ವತ್ತಿಗೆ ನಮೂನೆ 9 ಮತ್ತು 11-ಎ, ಉಳಿದವಕ್ಕೆ 11-ಬಿ. ಅಕ್ಷರ ಒಂದೇ ಬೇರೆ, ಬೆಲೆ ಬೇರೆ, ಬ್ಯಾಂಕ್ ಸಾಲದ ಕಥೆಯೂ ಬೇರೆ.

2020ರಲ್ಲಿ ಭೂಸುಧಾರಣಾ ಕಾಯ್ದೆಯ 79-ಎ, 79-ಬಿ ಕಲಂಗಳನ್ನು ತೆಗೆದ ಮೇಲೆ ಕೃಷಿಕರಲ್ಲದವರೂ ಹೊಲ ಕೊಳ್ಳಬಹುದು. ಇದನ್ನೇ ತಿರುಚಿ "ಈಗ ಯಾರು ಬೇಕಾದ್ರೂ ತಗೋಬಹುದು" ಅಂತ ಗುಂಟೆ ಲೆಕ್ಕದಲ್ಲಿ ಹೊಲ ಮಾರುತ್ತಾರೆ. ಒಂದು ಗುಂಟೆ ಅಂದರೆ 1,089 ಚದರಡಿ, ಹೆಚ್ಚುಕಮ್ಮಿ ಒಂದು ಸೈಟು. ಹೊಲ ಕೊಳ್ಳಬಹುದು ನಿಜ, ಆದರೆ ಅದು ಹೊಲವಾಗಿಯೇ ಉಳಿಯುತ್ತದೆ.

ನೋಂದಣಿಯೂ ಆಗದಿದ್ದರೆ? ಬಾಂಡ್ ಪೇಪರ್ ಕರಾರು, ಜಿಪಿಎ. ಜಿಪಿಎ ಮೂಲಕ ಮಾರಾಟ ಮಾಡಿದರೆ ಒಡೆತನ ವರ್ಗವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಸ್ಪಷ್ಟಪಡಿಸಿದೆ. ನಾಳೆ ರಸ್ತೆ ಅಗಲೀಕರಣಕ್ಕೆ ಆ ಜಾಗ ಹೋದರೆ ಪಹಣಿಯಲ್ಲಿ ಹೆಸರಿರುವವರಿಗೆ ನೋಟಿಸ್ ಬರುತ್ತದೆ, ಬಾಂಡ್ ಪೇಪರ್ ಹಿಡಿದವರಿಗಲ್ಲ.

ದರಖಾಸ್ತು ಜಮೀನಿನ ಪ್ರಶ್ನೆ

ಕೂಡ್ಲಿಗಿ ಪರಿಶಿಷ್ಟ ಪಂಗಡಕ್ಕೆ ಮೀಸಲಾದ ವಿಧಾನಸಭಾ ಕ್ಷೇತ್ರ. ಇಂಥ ಕಡೆ ಸೈಟು ನೋಡುವಾಗ ಕೇಳಲೇಬೇಕಾದ ಪ್ರಶ್ನೆ: ಈ ಜಮೀನು ಸರ್ಕಾರದಿಂದ ಪರಿಶಿಷ್ಟ ಜಾತಿ ಅಥವಾ ಪಂಗಡದ ಕುಟುಂಬಕ್ಕೆ ಮಂಜೂರಾದದ್ದೇ? ಹೌದಾದರೆ 1978ರ ಪಿಟಿಸಿಎಲ್ ಕಾಯ್ದೆ ಅನ್ವಯಿಸುತ್ತದೆ. ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರಿದ್ದರೆ ಮಾರಾಟವೇ ಅಸಿಂಧು. ಜಮೀನು ಮೂಲ ಕುಟುಂಬಕ್ಕೆ ಮರಳಬೇಕು. ಅರ್ಜಿ ಹಾಕಲು ಕಾಲಮಿತಿ ಇಲ್ಲ ಎಂದು 2023ರ ತಿದ್ದುಪಡಿ ಹೇಳಿತು. ವಿಪರೀತ ವಿಳಂಬದ ಪ್ರಶ್ನೆ ಮಾತ್ರ ಕೋರ್ಟುಗಳಲ್ಲಿ ಇನ್ನೂ ಏಳುತ್ತಲೇ ಇದೆ.

"ಈ ಕಾನೂನಿಂದ ಕೊಂಡವರಿಗೆ ಅನ್ಯಾಯ" ಅನ್ನುವವರಿದ್ದಾರೆ. ಒಂದು ನಿಮಿಷ. ಸಾಲಕ್ಕೆ, ಮದುವೆಗೆ, ಆಸ್ಪತ್ರೆಗೆ ಅಂತ ಕವಡೆ ಕಾಸಿಗೆ ಹೊಲ ಕಳೆದುಕೊಂಡ ಮನೆಗಳನ್ನು ನೋಡಿಯೇ ಈ ಕಾಯ್ದೆ ಬಂದದ್ದು. ಅದು ಇರಲೇಬೇಕು. ಆದರೆ ಅದೇ ಹೊಲ ಸೈಟಾಗಿ ತುಂಡಾಗಿ ಮಾರಾಟವಾದ ಮೇಲೆ ನಡೆಯುವುದೇನು? ಹೊಲ ಕಳೆದುಕೊಂಡ ಬಡವ ಒಂದು ಕಡೆ, ಬೆಂಗಳೂರಲ್ಲಿ ಗಾರೆ ಕಲಸಿ ಸೈಟು ಕೊಂಡ ಬಡವ ಇನ್ನೊಂದು ಕಡೆ. ಇಬ್ಬರೂ ಕೋರ್ಟಿನಲ್ಲಿ. ನಡುವೆ ಲಾಭ ಮಾಡಿಕೊಂಡವನು ಮುಂದಿನ ಹೊಲಕ್ಕೆ ಕಲ್ಲು ನೆಡುತ್ತಿರುತ್ತಾನೆ.

ಅಕ್ಕ–ತಂಗಿಯರ ಸಹಿ

ಇನ್ನೊಂದು ತಪ್ಪು ಮನೆಯೊಳಗಿನದು. "ಹೆಣ್ಮಕ್ಕಳು ಕೊಟ್ಟ ಮನೆಗೆ ಹೋಗ್ಯಾರ, ಅವರ ಸಹಿ ಯಾಕ?" ಯಾಕೆಂದರೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಮಗನಷ್ಟೇ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ಹೇಳಿದೆ. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಬಿಟ್ಟು ಮಾರಿದರೆ ಮಾರಿದವರಿಗೂ ಕೊಂಡವರಿಗೂ ಕೇಸು ಕಾದಿರುತ್ತದೆ. ಇದನ್ನು ಕಾನೂನಿನ ಕಿರಿಕಿರಿ ಅಂತ ನೋಡಬೇಡಿ. ಅವರ ಪಾಲು, ಅವರ ಮಾತು.

ಮಾರುವವರಿಗೆ ಇನ್ನೊಂದು ಮಾತು. ಆಸ್ತಿ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆದರೆ ಅಷ್ಟೇ ಮೊತ್ತದ ದಂಡ ಬೀಳಬಹುದು, ಅದೂ ಪಡೆದವರ ತಲೆಗೆ. "ಅರ್ಧ ಬಿಳಿ, ಅರ್ಧ ಕಪ್ಪು" ಮಾಡಿದರೆ ಆ ಕಪ್ಪಿನ ಅಪಾಯ ಮಾರಿದವರದ್ದು.

ಹಾಗಾದರೆ ಏನು ನೋಡಬೇಕು?

ಮುಂಗಡ ಕೊಡುವ ಮೊದಲು, ಕೊಟ್ಟ ಮೇಲಲ್ಲ:

- ದಿಶಾಂಕ್ ಆ್ಯಪ್ ಹಿಡಿದು ಆ ಜಾಗದಲ್ಲೇ ನಿಂತು ಸರ್ವೆ ನಂಬರ್ ನೋಡಿ. ತೋರಿಸಿದ ಜಾಗ, ಪತ್ರದ ಜಾಗ ಒಂದೇನಾ?
- ಪಹಣಿಯ 9ನೇ ಕಲಂನಲ್ಲಿ ಹೆಸರು, 10ರಲ್ಲಿ ಅದು ಹೇಗೆ ಬಂತು, 11ರಲ್ಲಿ ಸಾಲ ಮತ್ತು ನಿರ್ಬಂಧ ಓದಿ. ಹಳೆಯ ಪಹಣಿ, ಮ್ಯುಟೇಷನ್ ತೆಗೆಸಿ. ಮಂಜೂರಾತಿಯ ಸುಳಿವು ಅಲ್ಲಿರುತ್ತದೆ.
- ಕಾವೇರಿ ತಂತ್ರಾಂಶದಿಂದ ಋಣಭಾರ ಪತ್ರ ತೆಗೆಯಿರಿ. ಆದರೆ ಅದರಲ್ಲಿ ನೋಂದಣಿಯಾದದ್ದಷ್ಟೇ ಕಾಣುತ್ತದೆ. ಬಾಯಿಮಾತಿನ ಪಾಲು ಕಾಣುವುದಿಲ್ಲ. ಅದಕ್ಕೆ ಅಕ್ಕಪಕ್ಕದ ಹೊಲದವರನ್ನು ಮಾತಾಡಿಸಿ.
- ಭೂಪರಿವರ್ತನೆ ಆದೇಶ, ಅನುಮೋದಿತ ನಕ್ಷೆ, ನಮೂನೆ 9 ಮತ್ತು 11-ಎ. ಮೂರರಲ್ಲಿ ಒಂದಿಲ್ಲದಿದ್ದರೂ ನಿಲ್ಲಿ.
- ಊರಿನವರಲ್ಲದ ಒಬ್ಬ ವಕೀಲರಿಗೆ ದುಡ್ಡು ಕೊಟ್ಟು ಪತ್ರ ಓದಿಸಿ. ಮಾರುವವರೇ ತೋರಿಸಿದ ವಕೀಲರು ಬೇಡ.

"ಮುಂದ ಸಕ್ರಮ ಆಗ್ತತಿ"

ಇಷ್ಟೆಲ್ಲ ಗೊತ್ತಿದ್ದೂ ಜನ ಯಾಕೆ ಕೊಳ್ಳುತ್ತಾರೆ? ದಡ್ಡರಂತ ಅಲ್ಲ. ಕ್ರಮಬದ್ಧ ಸೈಟು ಅವರ ಕೈಗೆಟುಕುವ ಬೆಲೆಗೆ ಸಿಗುವುದಿಲ್ಲ. ಜೊತೆಗೆ ಒಂದು ಆಸೆ: ಎಲೆಕ್ಷನ್ ಬಂದಾಗ ಸಕ್ರಮ ಮಾಡ್ತಾರೆ. ಆ ಆಸೆಯನ್ನು ಬಿತ್ತಿದ್ದು ಸರ್ಕಾರಗಳೇ, ಪಕ್ಷಭೇದವಿಲ್ಲದೆ. ನಗರಗಳ ಅಕ್ರಮ–ಸಕ್ರಮಕ್ಕೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ತಡೆ ಕೊಟ್ಟಿತು. 2025ರಲ್ಲಿ ಪಂಚಾಯತ್ ರಾಜ್ ಕಾಯ್ದೆಗೆ ತಿದ್ದುಪಡಿ ತಂದು, ಹಳ್ಳಿಗಳ ಅನಧಿಕೃತ ಸ್ವತ್ತುಗಳನ್ನೂ ತೆರಿಗೆ ವ್ಯಾಪ್ತಿಗೆ ತರುವ ದಾರಿ ಮಾಡಲಾಯಿತು. ತೆರಿಗೆ ಕಟ್ಟಿದ ರಸೀದಿ ಹಕ್ಕುಪತ್ರ ಅಲ್ಲ ಅನ್ನುವುದನ್ನು ಮಾತ್ರ ಯಾರೂ ಮೈಕಿನಲ್ಲಿ ಹೇಳುವುದಿಲ್ಲ.

ಹಾಗಾಗಿ ಬರೀ ಕೊಳ್ಳುವವರು ಹುಷಾರಾದರೆ ಸಾಲದು. ಅನುಮೋದಿತ ಬಡಾವಣೆಗಳ ಪಟ್ಟಿ, ಸರ್ವೆ ನಂಬರ್ ಸಮೇತ, ಪ್ರತಿ ಪಂಚಾಯಿತಿ ಗೋಡೆಯ ಮೇಲೆ ಯಾಕಿಲ್ಲ? ಮಂಜೂರಾತಿ ಜಮೀನಿನ ಸರ್ವೆ ನಂಬರ್‌ಗಳನ್ನು ಗ್ರಾಮಸಭೆಯಲ್ಲಿ ಯಾಕೆ ಓದುವುದಿಲ್ಲ? ಖಚಿತ ಒಡೆತನದ ದಾಖಲೆ ಕೊಡುವುದೇ ಅಂತಿಮ ಗುರಿ ಅಂತ ಕೇಂದ್ರ ಸರ್ಕಾರ 2008ರಲ್ಲಿ ಭೂದಾಖಲೆ ಆಧುನೀಕರಣ ಯೋಜನೆ ಶುರು ಮಾಡಿತ್ತು. ಆ ಗುರಿ ಎಲ್ಲಿಗೆ ಬಂತು? ಶುಲ್ಕ ದುಪ್ಪಟ್ಟು ಮಾಡುವವರನ್ನು ಇದನ್ನು ಕೇಳಲೇಬೇಕು.

ಮುಂದಿನ ಹಬ್ಬಕ್ಕೆ ಊರಿಗೆ ಹೋದಾಗ ಅಪ್ಪನ ಟ್ರಂಕಿನಲ್ಲಿರುವ ಪತ್ರ ತೆಗೆದು ಒಮ್ಮೆ ಓದಿ. ಮನೆಯಲ್ಲಿ ಫೋನು ಹಿಡಿದು ಪಹಣಿ ತೆಗೆಯಬಲ್ಲವರು ನೀವೇ. ಗ್ರಾಮಸಭೆ ಇದ್ದರೆ ಹೋಗಿ ಕುಳಿತು ಆ ಪಟ್ಟಿ ಕೇಳಿ. ಕಲ್ಲು ನೆಡುವವನು ಹೆದರುವುದು ಪತ್ರ ಓದಿದವರಿಗೆ.