ಬೂಚು ತೆಗೆಯದ ಎಂಜಿನು ಹೊಸತಾಗಲಾರದು

ಧಾರವಾಡದಿಂದ ಗೋವೆಯ ಕಡೆಗೆ ಹೋಗುವ ಹಾದಿಯಲ್ಲಿ, ಬಯಲು ನಾಡಿನ ಸೆರಗು ಮುಗಿದು ಮಲೆನಾಡಿನ ಅಂಚು ತೊಡಗುವಲ್ಲಿ ಅಳ್ನಾವರವಿದೆ. ಹುಬ್ಬಳ್ಳಿ–ಲೋಂಡಾ ರೈಲುದಾರಿಯಿಂದ ದಾಂಡೇಲಿಯ ಕಡೆಗೆ ಕವಲು ಒಡೆಯುವುದು ಇಲ್ಲಿಯೇ. ಕಬ್ಬು, ಭತ್ತ, ಕಟ್ಟಿಗೆಗಳನ್ನು ಹೊರುವ ಲಾರಿ, ಟ್ರ್ಯಾಕ್ಟರುಗಳೂ ಬಾಡಿಗೆಯ ಜೀಪು, ಕಾರುಗಳೂ ಓಡಾಡುವ ಇಂಥ ಊರುಗಳಲ್ಲಿ ಎಂಜಿನು ವಿಲಾಸದ ವಸ್ತುವಲ್ಲ. ಅದು ಒಂದು ಮನೆಯ ಅನ್ನ. ಅದು ಸವೆದು ಹೊಗೆ ಉಗುಳತೊಡಗಿದಾಗ ಒಡೆಯನು ಸಾಲ ಮಾಡಿಯಾದರೂ ಅದನ್ನು ಬಿಚ್ಚಿಸಿ, ಸಿಲಿಂಡರುಗಳನ್ನು ಕೊರೆಯಿಸಿ, ಕ್ರ್ಯಾಂಕ್ ಷಾಫ್ಟನ್ನು ಸಾಣೆ ಹಿಡಿಸಿ, ಹೊಸ ಪಿಸ್ಟನ್ನುಗಳನ್ನೂ ಹೊಸ ಬೇರಿಂಗುಗಳನ್ನೂ ಹಾಕಿಸುತ್ತಾನೆ.

ಇಷ್ಟೆಲ್ಲ ಆದ ಮೇಲೂ ಕೆಲವು ಎಂಜಿನುಗಳು ಕೆಲವೇ ತಿಂಗಳುಗಳಲ್ಲಿ ಮತ್ತೆ ಬಡಿಯತೊಡಗುವುದುಂಟು. ಆಗ ಬೇರಿಂಗು ಕಳಪೆಯೆಂದು ಒಬ್ಬರು, ಎಣ್ಣೆ ಕಲಬೆರಕೆಯೆಂದು ಇನ್ನೊಬ್ಬರು, ಚಾಲಕನು ಒರಟನೆಂದು ಮತ್ತೊಬ್ಬರು ದೂರುವುದು ವಾಡಿಕೆ. ಈ ದೂರುಗಳು ಎಷ್ಟೋ ಸಲ ನಿಜವಾಗಿರಬಹುದು. ಆದರೆ ಯಾರ ಬಾಯಲ್ಲಿಯೂ ಬಾರದ ನಾಲ್ಕನೆಯ ಕಾರಣವೊಂದಿದೆ: ಬ್ಲಾಕಿನೊಳಗಿನ ಎಣ್ಣೆಗಾಲುವೆಗಳ ಬೂಚುಗಳನ್ನು ಯಾರೂ ತೆಗೆದಿರಲಿಲ್ಲ.

ಈ ಬೂಚುಗಳು ಅಲ್ಲಿಗೆ ಬಂದುದೇಕೆಂಬುದನ್ನು ಮೊದಲು ತಿಳಿಯೋಣ. ಎಂಜಿನಿನ ತಳದಲ್ಲಿರುವ ಎಣ್ಣೆಯನ್ನು ಪಂಪು ಮೇಲೆತ್ತಿ ಸೋಸುಕದ ಮೂಲಕ ಒಂದು ಹಿರಿಯ ಕಾಲುವೆಗೆ ದೂಡುತ್ತದೆ. ಅಲ್ಲಿಂದ ಕಿರುಗಾಲುವೆಗಳು ಒಡೆದು ಒಂದೊಂದು ಮುಖ್ಯ ಬೇರಿಂಗಿಗೂ, ಅದನ್ನು ದಾಟಿ ಕ್ರ್ಯಾಂಕ್ ಷಾಫ್ಟಿನ ಒಳರಂಧ್ರಗಳ ಮೂಲಕ ಕನೆಕ್ಟಿಂಗ್ ರಾಡಿನ ಬೇರಿಂಗುಗಳಿಗೂ ಎಣ್ಣೆಯನ್ನು ಒಯ್ಯುತ್ತವೆ. ಕಾರ್ಖಾನೆಯಲ್ಲಿ ಹಿರಿಯ ಕಾಲುವೆಯನ್ನು ಉದ್ದನೆಯ ಬೈರಿಗೆಯಿಂದ ಬ್ಲಾಕಿನ ಹೊರಮೈಯಿಂದಲೇ ಕೊರೆಯಬೇಕಾಗುತ್ತದೆ. ಕೊರೆದ ಬಾಯಿಯನ್ನು ಹಾಗೆಯೇ ಬಿಟ್ಟರೆ ಎಣ್ಣೆಯೆಲ್ಲ ಹೊರಗೆ ಚಿಮ್ಮೀತು. ಆದುದರಿಂದ ಆ ಬಾಯಿಗೆ ತಿರುಪಿನ ಬೂಚನ್ನೋ, ಬಡಿದು ಕೂರಿಸಿದ ಹಿತ್ತಾಳೆಯ ಅಥವಾ ಉಕ್ಕಿನ ಬೂಚನ್ನೋ ಹಾಕಿ ಮುಚ್ಚುತ್ತಾರೆ. ಹೀಗೆ ಮುಚ್ಚಿದ ತುದಿಯಲ್ಲಿ ಎಣ್ಣೆಯ ಹರಿವು ಮಂದವಾಗುತ್ತದೆ. ಹರಿವು ಮಂದವಾದಲ್ಲಿ ಹೂಳು ಕೂಡುವುದು ಸಹಜ. ಹನಿ ನೀರಾವರಿ ಮಾಡುವ ನಮ್ಮ ರೈತನಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೊಳವೆಯ ತುದಿಯ ಬೂಚನ್ನು ಬಿಚ್ಚಿ ನೀರು ಹಾಯಿಸಿದ ಹೊರತು ಒಳಗಿನ ಕೆಸರು ಹೋಗದೆಂಬುದನ್ನು ಅವನು ಬಲ್ಲ.

ಎಂಜಿನಿನ ಹೂಳು ಬರಿಯ ಕೆಸರಲ್ಲ. ಹಳೆಯ ಎಣ್ಣೆಯ ಜಿಡ್ಡು, ಸವೆದ ಬೇರಿಂಗಿನ ಚೂರು, ಎಲ್ಲಕ್ಕಿಂತ ಮಿಗಿಲಾಗಿ ಸಿಲಿಂಡರನ್ನು ಕೊರೆದು ಸಾಣೆ ಹಿಡಿದಾಗ ಉದುರಿದ ಕಬ್ಬಿಣದ ಹುಡಿ ಮತ್ತು ಸಾಣೆಕಲ್ಲಿನ ಹರಳು ಅದರಲ್ಲಿರುತ್ತವೆ. ಹೊಸತು ಮಾಡುವ ಕೆಲಸವೇ ಹೊಸ ಕಸವನ್ನು ಹುಟ್ಟಿಸುತ್ತದೆ! ಬ್ಲಾಕನ್ನು ಮೇಲಿಂದ ತೊಳೆದರೆ ಈ ಹುಡಿಯ ಒಂದು ಪಾಲು ಕಾಲುವೆಗಳೊಳಗೇ ಇಳಿಯುತ್ತದೆ. ಕಾರದ ಬಿಸಿನೀರಿನಲ್ಲಿ ಅದ್ದಿದರೆ ಜಿಡ್ಡು ಮೆದುವಾದೀತು. ಆದರೆ ಮುಚ್ಚಿದ ತುದಿಯಿಂದ ಹೊರಬರಲು ಅದಕ್ಕೆ ದಾರಿಯೆಲ್ಲಿ?

ಹೊಸ ಸೋಸುಕ ಹಾಕಿದ್ದೇವಲ್ಲ ಎಂದು ಕೆಲವರು ಕೇಳಬಹುದು. ಸೋಸುಕವಿರುವುದು ಹಿರಿಯ ಕಾಲುವೆಯ ಹಿಂದೆ. ಹುಡಿ ಕುಳಿತಿರುವುದು ಸೋಸುಕವನ್ನು ದಾಟಿದ ಮೇಲೆ. ಎಂಜಿನು ಮೊದಲ ಸಲ ತಿರುಗಿದಾಗ ಆ ಹುಡಿ ನೇರವಾಗಿ ಹೊಸ ಬೇರಿಂಗಿಗೇ ಹೋಗುತ್ತದೆ. ಅದು ಸೋಸುಕವನ್ನು ಸೇರುವುದು ಬೇರಿಂಗುಗಳನ್ನು ಹಾದು, ತಳಕ್ಕೆ ಬಿದ್ದು, ಮತ್ತೊಮ್ಮೆ ಮೇಲೇರಿದ ಅನಂತರ. ಅಷ್ಟರಲ್ಲಿ ಕೆಡಬೇಕಾದುದು ಕೆಟ್ಟಿರುತ್ತದೆ.

ಇಷ್ಟು ಸಣ್ಣ ಹರಳು ಅಷ್ಟು ದೊಡ್ಡ ಹಾನಿ ಮಾಡೀತೇ ಎಂಬ ಸಂದೇಹಕ್ಕೆ ಉತ್ತರವು ಒಂದು ಹಳೆಯ ಪ್ರಯೋಗದಲ್ಲಿದೆ. 1883ರಲ್ಲಿ ಇಂಗ್ಲೆಂಡಿನ ಬೋಷಾಂ ಟವರ್ ಎಂಬ ಎಂಜಿನಿಯರನು ರೈಲುಗಾಲಿಗಳ ಅಚ್ಚಿನ ಬೇರಿಂಗುಗಳನ್ನು ಪರೀಕ್ಷಿಸುತ್ತಿದ್ದನು. ಎಣ್ಣೆ ಹೊಯ್ಯಲೆಂದು ಬೇರಿಂಗಿನ ನೆತ್ತಿಯಲ್ಲಿ ಕೊರೆದ ರಂಧ್ರದಿಂದ ಎಣ್ಣೆ ಒಳಗೆ ಹೋಗುವುದರ ಬದಲು ಮೇಲಕ್ಕೆ ಉಕ್ಕಿತು. ಅವನು ಅದಕ್ಕೆ ಕಾರ್ಕಿನ ಬೂಚು ಹಾಕಿದನು, ಅದು ಹೊರಬಿತ್ತು. ಮರದ ಬೂಚು ಹಾಕಿದನು; ಅದೂ ಹೊರಬಿತ್ತು. ತಿರುಗುವ ಅಚ್ಚು ತಾನೇ ಎಣ್ಣೆಯನ್ನು ಎಳೆದುಕೊಂಡು, ತನ್ನನ್ನು ಲೋಹದಿಂದ ಎತ್ತಿ ಹಿಡಿಯುವಷ್ಟು ಒತ್ತಡದ ತೆಳುಪದರವನ್ನು ಕಟ್ಟಿಕೊಳ್ಳುತ್ತದೆಂಬ ಸತ್ಯ ಹೀಗೆ ಹೊರಬಂದಿತು. 1886ರಲ್ಲಿ ಆಸ್ಬರ್ನ್ ರೆನಾಲ್ಡ್ಸನು ಅದಕ್ಕೆ ಗಣಿತದ ತಳಹದಿಯನ್ನು ಕೊಟ್ಟನು. ಎಂಜಿನಿನ ಬೇರಿಂಗೂ ಇದೇ ತತ್ತ್ವದಿಂದ ಬದುಕುತ್ತದೆ. ಅಲ್ಲಿ ಬಿಟ್ಟಿರುವ ಸಂದು ಮಿಲಿಮೀಟರಿನ ನೂರರಲ್ಲಿ ಐದಾರು ಭಾಗ. ಭಾರ ಹೆಚ್ಚಿದಾಗ ಎಣ್ಣೆಯ ಪದರವು ಸಾವಿರದಲ್ಲಿ ಕೆಲವೇ ಭಾಗಗಳಷ್ಟಾಗುತ್ತದೆ. ಕಣ್ಣಿಗೆ ಕಾಣದ ಹರಳೂ ಅಲ್ಲಿ ಬಂಡೆಗೆ ಸಮಾನ.

ಬೂಚನ್ನು ತೆಗೆಯುವುದು ಕಷ್ಟವೆಂಬುದು ನಿಜ. ವರ್ಷಗಟ್ಟಲೆ ಕಾದು ತಣಿದು ಅದು ಕಬ್ಬಿಣದೊಡನೆ ಬೆಸೆದಂತಾಗಿರುತ್ತದೆ. ಆದರೆ ಬಲ್ಲವರಿಗೆ ಉಪಾಯವಿದೆ. ಎರಕದ ಕಬ್ಬಿಣದ ಬ್ಲಾಕಾದರೆ ತಿರುಪಿನ ಬೂಚಿನ ಸುತ್ತ ಹದವಾಗಿ ಕಾಯಿಸಿ, ಮೇಣವನ್ನು ಮುಟ್ಟಿಸಿದರೆ ಅದು ಕರಗಿ ಎಳೆಗಳೊಳಗೆ ಇಳಿಯುತ್ತದೆ. ಕೊಂಚ ತಣಿದ ಮೇಲೆ ತಿರುಗಿಸಬಹುದು. ಬಡಿದು ಕೂರಿಸಿದ ಬೂಚಿಗೆ ನಡುವೆ ತೂತು ಕೊರೆದು, ಎಳೆ ಹಾಕಿ, ಬೋಲ್ಟಿನಿಂದ ಹೊರಗೆಳೆಯಬಹುದು. ಅನಂತರ ಉದ್ದನೆಯ ಕುಂಚದಿಂದ ಸಾಬೂನಿನ ಬಿಸಿನೀರಿನಲ್ಲಿ ಉಜ್ಜಿ, ಗಾಳಿಯಿಂದ ಊದಿ, ತುಕ್ಕು ಹಿಡಿಯುವ ಮೊದಲೇ ಎಣ್ಣೆ ಸವರಬೇಕು. ಕ್ರ್ಯಾಂಕ್ ಷಾಫ್ಟಿನಲ್ಲಿ ಬೂಚುಗಳಿದ್ದರೆ ಅವನ್ನೂ ಮರೆಯಬಾರದು. ತಿರುಗುವ ವೇಗಕ್ಕೆ ಕಸವು ಅಲ್ಲಿ ಗಟ್ಟಿಯಾಗಿ ಒತ್ತಿಕೊಂಡಿರುತ್ತದೆ.

ಬಡಿದು ಕೂರಿಸಿದ ಬೂಚುಗಳ ಸ್ಥಾನದಲ್ಲಿ, ಬ್ಲಾಕಿನಲ್ಲಿ ಎಳೆ ಹಾಕಿ ತಿರುಪಿನ ಬೂಚುಗಳನ್ನು ಕೂರಿಸುವುದು ಒಳ್ಳೆಯ ಮಾರ್ಪಾಡು. ಮುಂದಿನ ಸಲ ಬಿಚ್ಚುವವನಿಗೆ ಅದು ಉಪಕಾರ. ಆದರೆ ಇದನ್ನು ಕಣ್ಣುಮುಚ್ಚಿ ಮಾಡತಕ್ಕದ್ದಲ್ಲ. ಬೂಚು ಹೆಚ್ಚು ಆಳಕ್ಕೆ ಹೋದರೆ ಅಡ್ಡಗಾಲುವೆಯ ಬಾಯಿ ಮುಚ್ಚಿ ಒಂದು ಬೇರಿಂಗು ಎಣ್ಣೆಯಿಲ್ಲದೆ ಸಾಯುತ್ತದೆ. ಹೊರಗೆ ಚಾಚಿದರೆ ಟೈಮಿಂಗ್ ಚೈನಿಗೋ ಗಿಯರಿಗೋ ತಗಲೀತು. ಮೊನಚಾಗುತ್ತ ಹೋಗುವ ತಿರುಪನ್ನು ಅತಿಯಾಗಿ ಬಿಗಿದರೆ ಎರಕವು ಬಿರಿಯುತ್ತದೆ. ಕೆಲವು ಎಂಜಿನುಗಳಲ್ಲಿ ಚೈನಿಗೆ ಎಣ್ಣೆ ಸಿಡಿಯಲೆಂದು ಬೂಚಿನಲ್ಲಿಯೇ ಸೂಜಿಗಾತ್ರದ ರಂಧ್ರವನ್ನು ಬಿಟ್ಟಿರುತ್ತಾರೆ. ಅಲ್ಲಿ ಇಡಿಯ ಬೂಚು ಹಾಕುವುದು ದ್ರೋಹ. ಆದುದರಿಂದ ತೆಗೆದ ಪ್ರತಿಯೊಂದು ಬೂಚನ್ನೂ ಅದರ ಸ್ಥಾನದೊಡನೆ ಗುರುತು ಮಾಡಿಡಬೇಕು, ಆಳವನ್ನು ಅಳೆಯಬೇಕು, ಎಣಿಸಬೇಕು.

ಇಷ್ಟು ಗೊತ್ತಿದ್ದರೂ ಕೆಲಸ ನಡೆಯದಿರುವುದೇಕೆ? ದೋಷವನ್ನೆಲ್ಲ ಮಿಸ್ತ್ರಿಯ ತಲೆಗೆ ಕಟ್ಟಲು ನಾವು ಸಿದ್ಧರಿಲ್ಲ. ಹೊಳೆಯುವ ಪಿಸ್ಟನ್ನಿಗೆ ಹಣ ಕೊಡುವ ನಾವು, ಕಾಣದ ಕಾಲುವೆಯನ್ನು ತೊಳೆದುದಕ್ಕೆ ಕೂಲಿ ಕೇಳಿದರೆ ಚೌಕಾಸಿ ಮಾಡುತ್ತೇವೆ. ಅರ್ಧ ದಿನ ಒಂದೊಂದು ಬೂಚಿನೊಡನೆ ಗುದ್ದಾಡಿದವನಿಗೆ ದೊರೆಯುವುದು ಪಕ್ಕದ ಅಂಗಡಿಯವನು ಅಗ್ಗವೆಂಬ ಮಾತು. ಕಾಣದ ದುಡಿಮೆಗೆ ಬೆಲೆಯಿಲ್ಲದಲ್ಲಿ ಕಾಣದ ಕೆಲಸವು ನಿಂತುಹೋಗುವುದು ಸ್ವಾಭಾವಿಕ.

ಆದುದರಿಂದ ನಮ್ಮ ಸೂಚನೆ ಇಷ್ಟು. ಎಂಜಿನು ಹೊಸತು ಮಾಡುವ ಪಟ್ಟಿಯಲ್ಲಿ ಬೂಚು ತೆಗೆದು ಕಾಲುವೆ ತೊಳೆಯುವುದನ್ನು ಪ್ರತ್ಯೇಕವಾಗಿ ಬರೆದು, ಪ್ರತ್ಯೇಕ ಕೂಲಿ ಹಾಕಲಿ. ಒಡೆಯನು ಅದನ್ನು ಗೊಣಗದೆ ಕೊಡಲಿ. ಹಳೆಯ ಬೂಚುಗಳನ್ನು ಎಣಿಸಿ ಒಡೆಯನ ಕೈಗೆ ಕೊಡುವ ಪದ್ಧತಿ ಬೆಳೆಯಲಿ. ಹೊಸ ಬೂಚು ಹಾಕುವ ಮೊದಲು ಕಾಲುವೆಯ ಒಂದು ತುದಿಯಲ್ಲಿ ದೀಪ ಹಿಡಿದು ಇನ್ನೊಂದು ತುದಿಯಿಂದ ನೋಡಲಿ. ಕೈಗಾರಿಕಾ ತರಬೇತಿ ಸಂಸ್ಥೆಯಿಂದ ಹೊರಬರುವ ಪ್ರತಿಯೊಬ್ಬ ಮೋಟಾರು ಮೆಕ್ಯಾನಿಕನೂ ಒಂದು ಹಳೆಯ ಬ್ಲಾಕಿನ ಬೂಚುಗಳನ್ನು ಸ್ವಂತ ಕೈಯಿಂದ ತೆಗೆದವನಾಗಿರಲಿ.

2014ರಲ್ಲಿ ತಯಾರಿಕೆ ನಿಂತ ಅಂಬಾಸಡರಿನಂಥ ಹಳೆಯ ಬಂಡಿಗಳಿಗೆ ಹೊಸ ಬ್ಲಾಕನ್ನು ಇನ್ನು ಯಾರೂ ಎರಕ ಹೊಯ್ಯಲಾರರು, ಇರುವುದನ್ನೇ ಉಳಿಸಿಕೊಳ್ಳಬೇಕು. ಸಾಲದಲ್ಲಿ ಹೊಸತಾದ ಲಾರಿಯೂ ಹಾಗೆಯೇ: ಎರಡನೆಯ ಸಲ ಬಿಚ್ಚುವ ಶಕ್ತಿ ಅದರ ಒಡೆಯನಿಗಿರುವುದಿಲ್ಲ. ಒಂದು ಬೂಚಿನ ಬೆಲೆ ಅಲ್ಪ. ಅದರ ಹಿಂದೆ ಅಡಗಿದ ಒಂದು ಚಿಟಿಕೆ ಹುಡಿಯ ಬೆಲೆ ಮಾತ್ರ ಇಡಿಯ ಎಂಜಿನು.