ಆಟದಲ್ಲಿ ಓದೋಕೆ ಏನಿದೆ ಅಂತ ನಕ್ಕವರಿಗೆ

1/7

ಫೋಟೋದಲ್ಲಿರೋದು ನನ್ನ ಎಡ ಮೊಣಕಾಲು. ಫಿಲ್ಟರ್ ಹಾಕಿಲ್ಲ.

ಹೋದ ವಾರ ಕ್ಲಾಸಲ್ಲಿ ಮೇಡಂ ಒಬ್ಬೊಬ್ಬರನ್ನೇ ಎಬ್ಬಿಸಿ "ಡಿಗ್ರಿ ಆದಮೇಲೆ ಏನು?" ಅಂತ ಕೇಳಿದ್ರು. ಸಿಎ, ಎಂಬಿಎ, ಬ್ಯಾಂಕ್ ಪರೀಕ್ಷೆ, ಕೆಎಎಸ್. ಎಲ್ಲರಿಗೂ "ವೆರಿ ಗುಡ್". ನನ್ನ ಸರದಿ ಬಂದಾಗ "ಸ್ಪೋರ್ಟ್ಸ್ ಮ್ಯಾನೇಜ್‌ಮೆಂಟ್ ಓದ್ಬೇಕು ಅಂತಿದೀನಿ ಮೇಡಂ, ಜೊತೆಗೆ ಎಕ್ಸರ್‌ಸೈಜ್ ಸೈನ್ಸ್ ಸ್ವಲ್ಪ" ಅಂದೆ. ಹಿಂದಿನ ಬೆಂಚಿಂದ ಒಂದು ದನಿ ಬಂತು: "ಪಿಟಿ ಟೀಚರ್ ಆಗ್ತಾಳಂತೆ, ವಿಷಲ್ ತಂದ್ಕೊಡ್ರೋ." ಇಡೀ ಕ್ಲಾಸ್ ನಕ್ತು. ನಾನೂ ನಕ್ಕೆ. ಮನೆಗೆ ಬಂದಮೇಲೆ ನನ್ನ ಮೇಲೆ ನನಗೇ ಸಿಟ್ಟು ಬಂತು.

ಪಿಟಿ ಟೀಚರ್ ಆಗೋದ್ರಲ್ಲಿ ನಗೋಕೆ ಏನಿದೆ ಅನ್ನೋದು ಮೊದಲ ಪ್ರಶ್ನೆ. ಆಟ ಅನ್ನೋದು ಓದೋ ವಿಷಯವೇ ಅಲ್ಲ ಅಂತ ನಮಗೆ ಯಾರು ಹೇಳಿಕೊಟ್ರು ಅನ್ನೋದು ಎರಡನೇದು. ಏಳು ಪೋಸ್ಟ್ ಹಾಕ್ತೀನಿ. ಪೂರ್ತಿ ಓದಿ, ಆಮೇಲೆ ಎಷ್ಟು ಬೇಕಾದ್ರೂ ಬೈರಿ. ಹಿಂದಿನ ಬೆಂಚಿನ ಮಹಾಶಯ, ನಿನ್ನನ್ನ ಟ್ಯಾಗ್ ಮಾಡಲ್ಲ, ಆದ್ರೆ ನೀನು ಓದ್ತೀಯ ಅಂತ ಗೊತ್ತು.

2/7

ಫೋಟೋ: ನಮ್ಮ ಹೈಸ್ಕೂಲ್ ಟೈಮ್‌ಟೇಬಲ್. ಶನಿವಾರದ ಕೊನೇ ಪೀರಿಯಡ್ ನೋಡಿ.

"ಪಿ.ಇ." ಅಂತ ಬರೆದಿದೆ. ಆ ಪೀರಿಯಡ್ಡಲ್ಲಿ ನಾವು ಕಲಿತಿದ್ದು ಗಣಿತ. ಎಸ್ಸೆಸ್ಸೆಲ್ಸಿ ಅಲ್ವಾ, ಪೋರ್ಷನ್ ಮುಗೀಬೇಕು. ನಿಮ್ಮಲ್ಲಿ ಎಷ್ಟು ಜನರ ಶಾಲೆಯಲ್ಲಿ ಹೀಗೇ ಆಗಿತ್ತು? ಹತ್ತು ವರ್ಷ "ಇದು ಬಿಟ್ಟುಕೊಡಬಹುದಾದ ಪೀರಿಯಡ್" ಅಂತ ಕಲಿಸಿದ ಮೇಲೆ, ಅದರಲ್ಲಿ ಡಿಗ್ರಿ ಇದೆ ಅಂದ್ರೆ ನಗು ಬರದೆ ಇನ್ನೇನು ಬರುತ್ತೆ.

ಈ ವಿಷಯ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಸ್ನಾಯು ಕೆಲಸ ಮಾಡುವಾಗ ಶಾಖ ಹೇಗೆ ಹುಟ್ಟುತ್ತೆ ಅಂತ ಕಂಡುಹಿಡಿದ ಇಂಗ್ಲೆಂಡಿನ ಎ.ವಿ. ಹಿಲ್‌ಗೆ 1922ರ ನೊಬೆಲ್ ಬಂತು. ಆತ ಸ್ವತಃ ಓಟಗಾರ. ಓಡುವವರು ಎಷ್ಟು ಆಮ್ಲಜನಕ ಬಳಸ್ತಾರೆ ಅಂತ ಅಳೆದವನು. ಇವತ್ತು ನಿಮ್ಮ ಸ್ಮಾರ್ಟ್ ವಾಚು ತೋರಿಸೋ 'ವಿಒ2 ಮ್ಯಾಕ್ಸ್' ಅನ್ನೋ ನಂಬರಿನ ಬೇರು ಅಲ್ಲಿದೆ. ಇನ್ನು ಮ್ಯಾನೇಜ್‌ಮೆಂಟ್ ಕಡೆ ಬಂದ್ರೆ, ಅಮೆರಿಕದ ಬ್ರೂಕ್ಲಿನ್ ಡಾಜರ್ಸ್ ಬೇಸ್‌ಬಾಲ್ ತಂಡದ ಮಾಲೀಕ ವಾಲ್ಟರ್ ಒ'ಮ್ಯಾಲಿ 1957ರಲ್ಲೇ ಜೇಮ್ಸ್ ಮೇಸನ್ ಅನ್ನೋ ಮೇಷ್ಟ್ರಿಗೆ ಪತ್ರ ಬರೆದು, ತಂಡ ಮತ್ತು ಕ್ರೀಡಾಂಗಣ ನಡೆಸೋಕೆ ಓದಿದವರು ಎಲ್ಲಿ ಸಿಗ್ತಾರೆ ಅಂತ ಕೇಳಿದ್ದ. ಅದರ ಫಲವಾಗಿ 1966ರಲ್ಲಿ ಓಹಾಯೋ ವಿಶ್ವವಿದ್ಯಾಲಯದಲ್ಲಿ ಸ್ಪೋರ್ಟ್ಸ್ ಮ್ಯಾನೇಜ್‌ಮೆಂಟಿನ ಮಾಸ್ಟರ್ಸ್ ಶುರುವಾಯ್ತು.

ನಮ್ಮ ದೇಶದಲ್ಲೂ ಇದೆ ಸ್ವಾಮಿ. ಹ್ಯಾರಿ ಬಕ್ ಮದ್ರಾಸಿನಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜು ಕಟ್ಟಿದ್ದು 1920ರಲ್ಲಿ. ಗ್ವಾಲಿಯರ್‌ನ ಲಕ್ಷ್ಮೀಬಾಯಿ ಕಾಲೇಜು 1957, ಪಟಿಯಾಲದ ಎನ್‌ಐಎಸ್ 1961. ಕೇಂದ್ರ ಸರ್ಕಾರದ ಕ್ರೀಡಾ ವಿಶ್ವವಿದ್ಯಾಲಯ ಮಣಿಪುರದಲ್ಲಿದೆ, ಅದರ ಕಾಯ್ದೆ 2018ರದ್ದು. ಪಕ್ಕದ ತಮಿಳುನಾಡು ಕ್ರೀಡೆಗೇ ಒಂದು ವಿಶ್ವವಿದ್ಯಾಲಯ ಮಾಡ್ಕೊಂಡು ಎಷ್ಟೋ ವರ್ಷ ಆಯ್ತು. ನಾವು ಇನ್ನೂ ವಿಷಲ್ ಜೋಕ್ ಹತ್ರ ನಿಂತಿದೀವಿ.

3/7

ಫೋಟೋ: ಸೆಕೆಂಡ್ ಪಿಯು, ಖೋ-ಖೋ ಟೀಮ್. ಎಡಗಡೆಯಿಂದ ಮೂರನೇಳು ನಾನು. ಕಾಲು ಆಗ ನೆಟ್ಟಗಿತ್ತು.

ಜಿಲ್ಲಾ ಮಟ್ಟದ ಸೆಮಿಫೈನಲ್. ಕಂಬ ಹಿಡಿದು ತಿರುಗುವಾಗ ಮೊಣಕಾಲಲ್ಲಿ 'ಟಕ್' ಅಂತು. ಕೇಳಿಸಿದ್ದು ನನಗೊಬ್ಬಳಿಗೇ. ಯಾರೋ ಸ್ಪ್ರೇ ಹೊಡೆದ್ರು, ಯಾರೋ ಬಟ್ಟೆ ಬಿಗಿದ್ರು. "ಏನಾಗಲ್ಲ, ಆಡು" ಅಂದ್ರು. ಆಡಿದೆ. ಗೆದ್ವಿ ಕೂಡ. ರಾತ್ರಿ ಕಾಲು ಹಲಸಿನಕಾಯಿ ಥರ ಊದ್ಕೊಂಡಿತ್ತು. ಎರಡು ತಿಂಗಳು ಎಣ್ಣೆ ಹಚ್ಚಿ ನೀವಿಸಿದ್ವಿ. ಕೊನೆಗೆ ಸ್ಕ್ಯಾನ್ ಮಾಡಿಸಿದ್ರೆ ಎಸಿಎಲ್ ಅನ್ನೋ ಲಿಗಮೆಂಟ್ ಪೂರ್ತಿ ಹರಿದಿತ್ತು. ಆಪರೇಷನ್‌ಗೆ ಅಪ್ಪ ಚೀಟಿ ಎತ್ತಿದ್ರು. ತಂಗಿ ಕಾಲೇಜು ಫೀಸಿಗೆ ಅಂತ ಇಟ್ಟಿದ್ದ ಚೀಟಿ ಅದು.

ಯಾರನ್ನೂ ಬೈಯಲ್ಲ ನಾನು. ಅವತ್ತು ಮೈದಾನದಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ, ಅವರಿಗೆ ಯಾರೂ ಕಲಿಸಿರಲಿಲ್ಲ. ಆದ್ರೆ ಕಲಿಸಬಹುದಿತ್ತು ಅನ್ನೋದೇ ನನ್ನ ಜಗಳ.

ಈ ಗಾಯ ಹುಡುಗರಿಗಿಂತ ಹುಡುಗಿಯರಿಗೆ ಜಾಸ್ತಿ ಆಗುತ್ತೆ, ಅದೂ ಯಾರೂ ಡಿಕ್ಕಿ ಹೊಡೆಯದೆ, ಬರೀ ತಿರುಗುವಾಗ, ಜಿಗಿದು ಇಳಿಯುವಾಗ. ಖೋ-ಖೋ ಅಂದ್ರೆ ಇದೇ ತಾನೆ? ಇದನ್ನ ಕಮ್ಮಿ ಮಾಡೋಕೆ 'ಇಲೆವೆನ್ ಪ್ಲಸ್' ಅಂತ ಒಂದು ವಾರ್ಮ್-ಅಪ್ ಇದೆ. ಫುಟ್‌ಬಾಲ್‌ನವರಿಗೆ ಅಂತ ಮಾಡಿದ್ದು. ಇಪ್ಪತ್ತು ನಿಮಿಷ, ಮೆಷಿನ್ ಬೇಡ, ದುಡ್ಡು ಬೇಡ. ಓಡೋದು, ಒಂಟಿ ಕಾಲಲ್ಲಿ ನಿಲ್ಲೋದು, ತೊಡೆ ಹಿಂಭಾಗ ಗಟ್ಟಿ ಮಾಡೋದು, ಮಂಡಿ ಒಳಗೆ ವಾಲದ ಹಾಗೆ ಇಳಿಯೋದು ಕಲಿಯೋದು. ನಾರ್ವೆಯಲ್ಲಿ 13ರಿಂದ 17 ವರ್ಷದ ಸುಮಾರು 1,900 ಫುಟ್‌ಬಾಲ್ ಹುಡುಗಿಯರ ಮೇಲೆ ಇದನ್ನ ಪರೀಕ್ಷೆ ಮಾಡಿ 2008ರಲ್ಲಿ ಫಲಿತಾಂಶ ಪ್ರಕಟಿಸಿದ್ರು. ಇದನ್ನ ಮಾಡಿದ ತಂಡಗಳಲ್ಲಿ ಒಟ್ಟು ಗಾಯದ ಅಪಾಯ ಸುಮಾರು ಮೂರರಲ್ಲಿ ಒಂದು ಪಾಲು ಕಮ್ಮಿ, ಗಂಭೀರ ಗಾಯ ಹೆಚ್ಚುಕಮ್ಮಿ ಅರ್ಧ.

2008ರಲ್ಲಿ ನನಗೆ ಇನ್ನೂ ಅಕ್ಷರಾಭ್ಯಾಸವೂ ಆಗಿರಲಿಲ್ಲ. ಅಂದ್ರೆ ನಾನು ಖೋ-ಖೋ ಆಡೋಕೆ ಶುರು ಮಾಡೋ ಎಷ್ಟೋ ವರ್ಷ ಮೊದಲೇ ಉತ್ತರ ಸಿಕ್ಕಿತ್ತು. ನಮ್ಮ ಮೈದಾನಕ್ಕೆ ಬರಲಿಲ್ಲ ಅಷ್ಟೇ. ತರಬೇಕಾದವರನ್ನ ನಾವು ತಯಾರು ಮಾಡಿರಲಿಲ್ಲ.

4/7

ಫೋಟೋ: ನಮ್ಮ ಮನೆಯ ಅಡುಗೆ ತಕ್ಕಡಿ, ಮೇಲೆ 100 ಗ್ರಾಂ ಕಡಲೆಬೀಜ.

2024ರ ಆಗಸ್ಟ್ 7. ಪ್ಯಾರಿಸ್. ವಿನೇಶ್ ಫೋಗಟ್ ಒಲಿಂಪಿಕ್ ಫೈನಲ್ ಆಡಬೇಕಿದ್ದ ದಿನ. 50 ಕೆಜಿ ವಿಭಾಗದಲ್ಲಿ ಈ ಒಂದು ಹಿಡಿ ಕಡಲೆಬೀಜದಷ್ಟು ತೂಕ ಹೆಚ್ಚಾಗಿ ಅನರ್ಹರಾದ್ರು. ರಾತ್ರಿಯೆಲ್ಲಾ ಬೆವರು ಹರಿಸಿ, ಕೂದಲು ಕೂಡ ಕತ್ತರಿಸಿದ್ರು. ಆದ್ರೂ ಆಗ್ಲಿಲ್ಲ.

ಅವತ್ತು ನಮ್ಮ ಕ್ಲಾಸ್ ಗ್ರೂಪಲ್ಲಿ ಎಲ್ಲರೂ ಎಕ್ಸ್‌ಪರ್ಟ್‌ಗಳೇ. "ಒಂದು ಚಪಾತಿ ಕಮ್ಮಿ ತಿನ್ನಬೇಕಿತ್ತು." ಮಗಾ, ಕುಸ್ತಿಪಟು ತೂಕ ಇಳಿಸೋದು ಅಂದ್ರೆ ಹೆಚ್ಚಾಗಿ ನೀರು ಇಳಿಸೋದು. ತೂಕ ಕೊಟ್ಟಮೇಲೆ ಒಂದೇ ದಿನ ಮೂರು ಕುಸ್ತಿ ಆಡೋಕೆ ಶಕ್ತಿ ಬೇಕು, ತಿನ್ನಲೇಬೇಕು, ಕುಡಿಯಲೇಬೇಕು. ಮಾರನೇ ದಿನ ಬೆಳಗ್ಗೆ ಮತ್ತೆ ತೂಕ. ಒಣಗಿದ ಮೈ ನೀರನ್ನ ಹಿಡ್ಕೊಳ್ಳುತ್ತೆ, ಬೆವರು ಬರೋದೇ ಕಷ್ಟ ಆಗುತ್ತೆ. ಅದಕ್ಕೂ ಮುಂಚೆ ಅವರು 53 ಕೆಜಿಯಲ್ಲಿ ಆಡ್ತಿದ್ದವರು. ಇಷ್ಟೆಲ್ಲಾ ಲೆಕ್ಕ ಇರೋ ವಿಷಯನ "ಒಂದು ಚಪಾತಿ" ಅಂತ ಮುಗಿಸ್ತೀವಿ. ಇದೇ ವಿಷಯನ ಒಬ್ಬರು ಓದ್ತೀನಿ ಅಂದ್ರೆ ನಗ್ತೀವಿ. ಎರಡೂ ಒಂದೇ ಕಾಯಿಲೆ.

5/7

ಫೋಟೋ: ನನ್ನ ಅಕೌಂಟೆನ್ಸಿ ನೋಟ್ಸ್. ಇದು ನಿಮಗೇ, ಬಿಕಾಂ ಬಳಗದವರೇ.

"ಸ್ಪೋರ್ಟ್ಸ್ ಅಂದ್ರೆ ಆಡೋರಿಗೆ, ನಮಗೇನು?" ಅಂತೀರಲ್ಲ, ಲೆಕ್ಕ ಮಾಡೋಣ ಬನ್ನಿ. 2023ರಿಂದ 2027ರ ಐದು ವರ್ಷಕ್ಕೆ ಐಪಿಎಲ್ ಪ್ರಸಾರದ ಹಕ್ಕು ಮಾರಾಟವಾಗಿದ್ದು 48,390 ಕೋಟಿ ರೂಪಾಯಿಗೆ. ಪಂದ್ಯಗಳು 410. ಭಾಗಿಸಿ. ಒಂದು ಪಂದ್ಯಕ್ಕೆ 118 ಕೋಟಿ. ಮೂರೂವರೆ ಗಂಟೆ ಆಟ, ಮಳೆ ಬಂದ್ರೆ ಅದೂ ಇಲ್ಲ. ಈ ದುಡ್ಡಿನ ಕರಾರು ಬರೆಯೋರು, ಇನ್ಶೂರೆನ್ಸ್ ಮಾಡಿಸೋರು, ಟಿಕೆಟ್ ದರ ಕಟ್ಟೋರು, ತೆರಿಗೆ ಲೆಕ್ಕ ಹಾಕೋರು ಬ್ಯಾಟ್ ಹಿಡಿಯೋರಲ್ಲ. ನಮ್ಮ ಥರದವರು.

ಇನ್ನೊಂದು. ಅಮಾರ್ಟೈಸೇಷನ್ ಲೆಕ್ಕ ನೆನಪಿದೆಯಾ? ಪೇಟೆಂಟ್, ಕಾಪಿರೈಟ್ ಅಂತ ಬಾಯಿಪಾಠ ಮಾಡಿದ್ವಲ್ಲ? ಯುರೋಪಿನ ಫುಟ್‌ಬಾಲ್ ಕ್ಲಬ್ಬುಗಳ ಬ್ಯಾಲೆನ್ಸ್ ಶೀಟಿನಲ್ಲಿ ಆಟಗಾರನನ್ನ ಕೊಂಡ ಬೆಲೆ ಹೀಗೇ ಕೂರುತ್ತೆ. ಕರಾರಿನ ವರ್ಷಗಳ ಮೇಲೆ ಹಂಚ್ತಾರೆ. 2023ರಲ್ಲಿ ಚೆಲ್ಸಿ ಕ್ಲಬ್ ಎಂಜೊ ಫರ್ನಾಂಡೆಸ್‌ನ ಸುಮಾರು 10.7 ಕೋಟಿ ಪೌಂಡ್ ಕೊಟ್ಟು ಎಂಟೂವರೆ ವರ್ಷಕ್ಕೆ ತಗೊಂಡಿತು. ಹಂಚಿದ್ರೆ ವರ್ಷಕ್ಕೆ ಸುಮಾರು 1.26 ಕೋಟಿ ಪೌಂಡ್. ಐದೇ ವರ್ಷಕ್ಕೆ ಹಂಚಿದ್ರೆ 2.14 ಕೋಟಿ. ಕರಾರು ಉದ್ದ ಮಾಡಿದಷ್ಟೂ ಆ ವರ್ಷದ ಖರ್ಚು ಚಿಕ್ಕದಾಗಿ ಕಾಣುತ್ತೆ. ಇದನ್ನ ನೋಡಿ ಯುಇಎಫ್‌ಎ ಅದೇ ವರ್ಷ, ಇನ್ಮುಂದೆ ನಮ್ಮ ಲೆಕ್ಕಕ್ಕೆ ಐದು ವರ್ಷಕ್ಕಿಂತ ಜಾಸ್ತಿ ಹಂಚೋ ಹಾಗಿಲ್ಲ ಅಂತ ನಿಯಮ ತಂತು.

ಈ ಉದಾಹರಣೆ ಕ್ಲಾಸಲ್ಲಿ ಹೇಳಿದ್ರೆ ಯಾರಾದ್ರೂ ನಿದ್ದೆ ಮಾಡ್ತಾರಾ? ನಮಗೆ ಇನ್ನೂ "ಎಕ್ಸ್ ಲಿಮಿಟೆಡ್ ವೈ ಲಿಮಿಟೆಡ್‌ನಿಂದ ಯಂತ್ರ ಕೊಂಡಿತು".

6/7

ಈ ಪೋಸ್ಟಿಗೆ ಫೋಟೋ ಇಲ್ಲ. ಕಪ್ಪು ಚೌಕ ಸಾಕು.

2025ರ ಜೂನ್ 3ರ ರಾತ್ರಿ ಆರ್‌ಸಿಬಿ ಗೆದ್ದಾಗ ನಮ್ಮ ಪಿಜಿಯಲ್ಲಿ ಯಾರೂ ಮಲಗಲಿಲ್ಲ. ಹದಿನೆಂಟನೇ ಸೀಸನ್ನಲ್ಲಿ ಮೊದಲ ಕಪ್. ಮಾರನೇ ದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಲ್ಲಿ 11 ಜನ ಸತ್ತರು. ಹೆಚ್ಚಿನವರು ನಮ್ಮ ಆಸುಪಾಸಿನ ವಯಸ್ಸಿನವರು. ಕಪ್ ನೋಡೋಕೆ ಹೋದವರು.

ತಪ್ಪು ಯಾರದ್ದು ಅಂತ ನಾನು ಇಲ್ಲಿ ತೀರ್ಪು ಕೊಡಲ್ಲ. ಆದ್ರೆ "ಜನಕ್ಕೆ ಬುದ್ಧಿ ಇಲ್ಲ, ಯಾಕೆ ಹೋಗ್ಬೇಕಿತ್ತು" ಅಂತ ಸ್ಟೋರಿ ಹಾಕಿದವರ ಜೊತೆ ನನಗೆ ಜಗಳ ಇದೆ. ಜನಸಂದಣಿ ಒಂದು ಮಿತಿ ದಾಟಿದ ಮೇಲೆ ಬುದ್ಧಿ ಇದ್ದರೂ ಇಲ್ಲದಿದ್ದರೂ ಒಂದೇ. ಕಾಲು ನೆಲ ಬಿಡುತ್ತೆ, ಮೈ ನೀರಿನ ಥರ ಒಂದು ಕಡೆ ಹರಿಯುತ್ತೆ, ಎದೆ ಒತ್ತಿ ಉಸಿರಾಡೋಕೆ ಜಾಗ ಇರಲ್ಲ. ಹಿಂದಿರೋನಿಗೆ ಮುಂದೆ ಏನಾಗ್ತಿದೆ ಅಂತ ಕಾಣಲ್ಲ.

ಇದನ್ನೂ ಓದೋಕಾಗುತ್ತೆ. 1971ರಲ್ಲಿ ಗ್ಲಾಸ್ಗೋದ ಐಬ್ರಾಕ್ಸ್ ಕ್ರೀಡಾಂಗಣದಲ್ಲಿ 66 ಜನ ಸತ್ತಮೇಲೆ ಬ್ರಿಟನ್ 1973ರಲ್ಲಿ ಕ್ರೀಡಾಂಗಣ ಸುರಕ್ಷತೆಗೆ ಒಂದು ಕೈಪಿಡಿ ತಂತು. ಜನ ಅದನ್ನ 'ಗ್ರೀನ್ ಗೈಡ್' ಅಂತಾರೆ. ನಿಂತು ನೋಡೋ ಜಾಗದಲ್ಲಿ 10 ಚದರ ಮೀಟರ್‌ಗೆ ಹೆಚ್ಚೆಂದರೆ 47 ಜನ, ಒಂದು ಗೇಟಿನಲ್ಲಿ ಗಂಟೆಗೆ ಎಷ್ಟು ಜನ ಒಳಗೆ ಹೋಗಬಹುದು, ಎಷ್ಟು ನಿಮಿಷದಲ್ಲಿ ಹೊರಗೆ ಬರಬೇಕು, ಎಲ್ಲಕ್ಕೂ ಅದರಲ್ಲಿ ಲೆಕ್ಕ ಇದೆ. ಕೈಪಿಡಿ ಇದ್ದೂ 1989ರಲ್ಲಿ ಹಿಲ್ಸ್‌ಬರೋದಲ್ಲಿ 97 ಜನ ಹೋದ್ರು. ಅಂದ್ರೆ ಪುಸ್ತಕ ಒಂದೇ ಸಾಲದು. ಅದನ್ನ ಓದಿದವರು ಗೇಟಿನ ಹತ್ತಿರ ಇರಬೇಕು, ಅವರು "ಬೇಡ, ಇವತ್ತು ಬೇಡ" ಅಂದ್ರೆ ಮೇಲಿನವರು ಕೇಳಬೇಕು.

ಸ್ಪೋರ್ಟ್ಸ್ ಮ್ಯಾನೇಜ್‌ಮೆಂಟ್ ಅಂದ್ರೆ ಆಟಗಾರರ ಜೊತೆ ಸೆಲ್ಫಿ ಅಂದ್ಕೊಂಡಿದ್ರೆ, ಈ ಪೋಸ್ಟ್ ಇನ್ನೊಂದ್ಸಲ ಓದಿ.

7/7

ಫೋಟೋ: ನಮ್ಮ ಕಾಲೇಜು ಗ್ರೌಂಡ್, ಬೆಳಗ್ಗೆ ಆರೂವರೆ. ಹುಲ್ಲು ಕಮ್ಮಿ, ಕಲ್ಲು ಜಾಸ್ತಿ.

ಈಗ ನಿಮ್ಮ ಪರವಾಗಿ ನಾನೇ ಮಾತಾಡ್ತೀನಿ. ಅಮ್ಮ ಕೇಳಿದ್ರು, "ಕಾಲು ಮುರ್ಕೊಂಡಿದ್ದು ಸಾಕಾಗ್ಲಿಲ್ವಾ? ಇದ್ರಿಂದ ಸಂಬಳ ಬರುತ್ತಾ?" ನಿಜ ಹೇಳ್ಬೇಕು ಅಂದ್ರೆ, ಶುರುವಿನಲ್ಲಿ ಸಿಎ ಓದಿದವರಷ್ಟು ಬರಲ್ಲ. ಕೆಲಸಗಳು ದೊಡ್ಡ ಊರುಗಳಲ್ಲೇ ಇವೆ. 'ವಾಲಂಟಿಯರ್' ಅಂತ ಹೇಳಿ ಒಂದು ಟಿ-ಶರ್ಟು, ಒಂದು ಪೊಟ್ಟಣ ಚಿತ್ರಾನ್ನ ಕೊಟ್ಟು ಹದಿನಾಲ್ಕು ಗಂಟೆ ದುಡಿಸ್ಕೊಳ್ಳೋರಿದ್ದಾರೆ. ನಾನೇ ಒಂದ್ಸಲ ದುಡಿದಿದೀನಿ. ಇನ್ನೊಂದು ಕಡೆ "ಐಪಿಎಲ್ ತಂಡದ ಜೊತೆ ಕೆಲಸ ಗ್ಯಾರಂಟಿ" ಅಂತ ಫೋನ್ ಮಾಡಿ ಲಕ್ಷಗಟ್ಟಲೆ ಫೀಸ್ ಕೇಳ್ತಾರೆ. ಹಂಗೆ ಫೋನ್ ಬಂದ್ರೆ ನಾಲ್ಕು ಪ್ರಶ್ನೆ ಕೇಳಿ: ಡಿಗ್ರಿ ಕೊಡೋ ವಿಶ್ವವಿದ್ಯಾಲಯ ಯಾವುದು, ಅದಕ್ಕೆ ಯುಜಿಸಿ ಮಾನ್ಯತೆ ಇದೆಯಾ? ಪಾಠ ಮಾಡೋರು ಯಾರು? ಲ್ಯಾಬ್ ಇದೆಯಾ, ಬಂದು ನೋಡಬಹುದಾ? ಇಂಟರ್ನ್‌ಶಿಪ್‌ಗೆ ಸ್ಟೈಪೆಂಡ್ ಎಷ್ಟು? ಅರ್ಧ ಜನ ಎರಡನೇ ಪ್ರಶ್ನೆಗೇ ಫೋನ್ ಇಡ್ತಾರೆ.

ಇದೆಲ್ಲಾ ಈ ವಿಷಯ ಓದಬಾರದು ಅನ್ನೋಕೆ ಕಾರಣ ಅಲ್ಲ. ನಾವು ಇದನ್ನ ಗಂಭೀರವಾಗಿ ತಗೊಳ್ಳದೇ ಇರೋದ್ರಿಂದಲೇ ಮೋಸ ಮಾಡೋರಿಗೆ ಜಾಗ ಸಿಕ್ಕಿದೆ. ಸರ್ಕಾರಿ ಕಾಲೇಜಲ್ಲಿ ಕಮ್ಮಿ ಫೀಸಿಗೆ ಸಿಗಬೇಕಾದ ಪಾಠ ಹೋಟೆಲ್ ಹಾಲ್‌ಗಳಲ್ಲಿ ಸೆಮಿನಾರ್ ಹೆಸರಲ್ಲಿ ಮಾರಾಟ ಆಗ್ತಿದೆ.

ಹಾಗಾಗಿ ನಾನು ಕೇಳೋದು ಮೂರೇ. ಒಂದು, ನಮ್ಮ ಕಾಲೇಜಲ್ಲಿ ಸ್ಪೋರ್ಟ್ಸ್ ಮ್ಯಾನೇಜ್‌ಮೆಂಟ್ ಒಂದು ಐಚ್ಛಿಕ ಪೇಪರ್ ಆಗ್ಲಿ. ಪ್ರಿನ್ಸಿಪಾಲರಿಗೆ ಮನವಿ ಬರೆದಿದೀನಿ, ಸಹಿ ಹಾಕೋರು ಬನ್ನಿ. ಎರಡು, ಯಾವ ಶಾಲೆಯಲ್ಲೂ ಪಿ.ಇ. ಪೀರಿಯಡ್ ಗಣಿತಕ್ಕೆ ಹೋಗೋದು ಬೇಡ. ನಿಮ್ಮ ತಮ್ಮ ತಂಗಿ ಓದೋ ಶಾಲೆಯಲ್ಲಿ ಹೋಗಿ ಕೇಳಿ. ಮೂರು, ಮುಂದಿನ ಸಲ ಯಾರಾದ್ರೂ "ಆಟ ಓದ್ತೀನಿ" ಅಂದಾಗ ನಗೋ ಮುಂಚೆ "ಅದರಲ್ಲಿ ಏನಿರುತ್ತೆ?" ಅಂತ ಕೇಳಿ.

ಈ ಶನಿವಾರದಿಂದ ಬೆಳಗ್ಗೆ ಆರೂವರೆಗೆ ನಮ್ಮ ಕಾಲೇಜಿನ ಖೋ-ಖೋ ಜೂನಿಯರ್ ಹುಡುಗಿಯರ ಜೊತೆ ಆ ಇಪ್ಪತ್ತು ನಿಮಿಷದ ವಾರ್ಮ್-ಅಪ್ ಮಾಡ್ತೀನಿ. ಪಿಟಿ ಸರ್ ಒಪ್ಪಿದಾರೆ, ತಾವೂ ಬರ್ತೀನಿ ಅಂದಿದಾರೆ. ನನ್ನ ಕಾಲಲ್ಲಿ ಇನ್ನು ಕಂಬ ತಿರುಗೋಕೆ ಆಗಲ್ಲ, ಆದ್ರೆ ಅವರ ಮಂಡಿ ಒಳಗೆ ವಾಲ್ತಿದೆಯಾ ಅಂತ ನಿಂತು ನೋಡೋಕೆ ಆಗುತ್ತೆ.

ಹಿಂದಿನ ಬೆಂಚಿನವನೇ, ವಿಷಲ್ ತಂದ್ಕೊಡ್ತೀನಿ ಅಂದಿದ್ದೆ ತಾನೆ? ಶನಿವಾರ ತಗೊಂಡು ಬಾ. ನಿಜವಾಗ್ಲೂ ಬೇಕಾಗಿದೆ.

#ಆಟವೂಓದೇ #ಬಿಕಾಂಬಳಗ #ಖೋಖೋ #ಪಿಟಿಪೀರಿಯಡ್‌ಬಿಟ್ಟುಕೊಡಿ #ಶನಿವಾರಆರೂವರೆ