ಹಿಮದ ಚುಕ್ಕಿಯ ಕಾಲುಚೀಲ



ಕಳೆದ ಸಂಚಿಕೆಯ ಮಗುವಿನ ಟೋಪಿ ಹೆಣೆದು ಮುಗಿಸಿದಿರಷ್ಟೆ? ಈ ಸಲ ಕಾಲುಚೀಲ. ಅದೂ ಎರಡು ಬಣ್ಣದ್ದು, ಹಿಮ ಉದುರಿದ ಹಾಗೆ ಬಿಳಿ ಚುಕ್ಕಿ ಇರುವಂಥದ್ದು. ನಮ್ಮೂರ ಚಳಿಗೆ ಇಷ್ಟೆಲ್ಲ ಯಾಕೆ ಅಂತೀರಾ? ಈಗ ಎಷ್ಟೋ ಮನೆಗಳ ಮಗಳೋ ಸೊಸೆಯೋ ಹಿಮ ಬೀಳುವ ದೇಶದಲ್ಲಿದ್ದಾರೆ. ಬಾಣಂತನಕ್ಕೆ ಹೊರಟ ತಾಯಿ ಚಟ್ನಿಪುಡಿಯ ಜೊತೆ ಇದನ್ನೂ ಒಯ್ಯಬಹುದಲ್ಲ!

ಎರಡು ಬಣ್ಣದ ಹೆಣಿಗೆಗೆ ನಾರ್ವೆ ದೇಶ ಹೆಸರುವಾಸಿ. ಅಲ್ಲಿನ ಸೆಲ್ಬು ಎಂಬ ಊರಿನಲ್ಲಿ 1857ರಲ್ಲಿ ಮಾರಿಟ್ ಎಂಬ 16 ವರ್ಷದ ಹುಡುಗಿ ಎಂಟೆಸಳಿನ ನಕ್ಷತ್ರ ಹೆಣೆದ ಕೈಗವಸು ತೊಟ್ಟು ಚರ್ಚಿಗೆ ಹೋದಳಂತೆ. ಅದನ್ನು ಕಂಡು ಉಳಿದವರೂ ಕಲಿತರು. ಮುಂದೆ ಅದೇ ಆ ಊರಿನ ಹೆಂಗಸರ ಸಂಪಾದನೆಯಾಯಿತು. ಆ ನಕ್ಷತ್ರ ನೋಡಿದರೆ ನಮ್ಮ ಹೊಸ್ತಿಲ ರಂಗೋಲಿ ನೆನಪಾಗುತ್ತೆ. ಅದೇ ದೇಶದ ಸೆಟೆಸ್‌ಡಾಲ್ ಕಣಿವೆಯ ಕಪ್ಪು ಸ್ವೆಟರಿನ ಮೇಲೆ ಬಿಡಿಬಿಡಿ ಬಿಳಿ ಚುಕ್ಕಿಗಳಿರುತ್ತವೆ. ಅದಕ್ಕೆ ಅವರಿಟ್ಟ ಹೆಸರು ‘ಹೇನು’! ನಗಬೇಡಿ, ನಿಜ. ನಕ್ಷತ್ರಕ್ಕೆ ಕೈ ಪಳಗಬೇಕು. ನಾವು ಹೇನಿನಿಂದಲೇ ಶುರು ಮಾಡೋಣ.

ಬೇಕಾಗುವ ಸಾಮಾನು: 4 ಪ್ಲೈ ಉಲ್ಲನ್, ಕಡುನೀಲಿ 80 ಗ್ರಾಂ, ಬಿಳಿ 25 ಗ್ರಾಂ. ಎರಡೂ ತುದಿ ಚೂಪಾದ 12 ನಂಬರಿನ 4 ಕಡ್ಡಿ. ಅಂಗಡಿಯಲ್ಲಿ ಉಲ್ಲನ್ ಅಂತ ಕೊಡುವುದು ಎಷ್ಟೋ ಸಲ ಅಕ್ರಿಲಿಕ್ ಆಗಿರುತ್ತೆ, ಕೇಳಿ ತಗೊಳ್ಳಿ. ನಿಜವಾದ ಉಣ್ಣೆ ಸ್ವಲ್ಪ ಒದ್ದೆಯಾದರೂ ಬೆಚ್ಚಗಿರುತ್ತೆ. ನೀಲಿ ಎಳೆಯನ್ನು ಒದ್ದೆ ಬಿಳಿ ಬಟ್ಟೆಗೆ ಉಜ್ಜಿ, ಬಣ್ಣ ಬಿಡುತ್ತದೆಯೇ ನೋಡಿ.

ಹೆಣೆಯುವ ಕ್ರಮ: ನೀಲಿಯಲ್ಲಿ 3 ಕಡ್ಡಿಗೆ 24ರಂತೆ 72 ಕುಣಿಕೆ ಹಾಕಿ ಸುತ್ತಾಗಿ ಕೂಡಿಸಿ. 2 ಸೀದಾ, 2 ಉಲ್ಟಾ ಹಾಕುತ್ತ ಒಂದೂವರೆ ಅಂಗುಲ ಅಂಚು ಮಾಡಿ. ಮುಂದೆ ಎಲ್ಲವೂ ಸೀದಾ.

1ನೇ ಸುತ್ತು: 3 ನೀಲಿ, 1 ಬಿಳಿ, ಹೀಗೇ ಕೊನೆಯವರೆಗೆ.
2ರಿಂದ 4: ಪೂರಾ ನೀಲಿ.
5ನೇ ಸುತ್ತು: 1 ನೀಲಿ, 1 ಬಿಳಿ, 2 ನೀಲಿ.
6ರಿಂದ 8: ಪೂರಾ ನೀಲಿ.

ಬಿಳಿ ಎಳೆಯನ್ನು ಕತ್ತರಿಸದೆ ಒಳಗೇ ಬಿಟ್ಟಿರಿ. ಈ 8 ಸುತ್ತುಗಳನ್ನೇ ಹಾಕುತ್ತ 5 ಅಂಗುಲ ಹೆಣೆಯಿರಿ. ಆಮೇಲೆ ಒಂದು ಸುತ್ತು 7 ಸೀದಾ, 2 ಜೋಡಿಸಿ ಒಂದು ಮಾಡಿದರೆ 64 ಕುಣಿಕೆ ಉಳಿಯುತ್ತೆ. ಹಿಮ್ಮಡಿ, ಪಾದ, ಬೆರಳ ತುದಿಯನ್ನು ಸಾದಾ ಕಾಲುಚೀಲದ ಹಾಗೆ ನೀಲಿಯಲ್ಲೇ ಮುಗಿಸಿ.

ಈಗ ಮುಖ್ಯವಾದ ಮಾತು. ಚುಕ್ಕಿಯಿಂದ ಚುಕ್ಕಿಗೆ ಬಿಳಿ ಎಳೆ ಹಿಂದುಗಡೆ ಹಾದುಹೋಗುತ್ತಲ್ಲ, ಬೆಚ್ಚಗಿಡುವುದೂ ಅದೇ, ಕೆಡಿಸುವುದೂ ಅದೇ. ಎಳೆದು ಬಿಗಿ ಮಾಡಿದರೆ ಕಾಲುಚೀಲ ಹಿಗ್ಗುವುದಿಲ್ಲ. ಬಳೆ ಕೊಳ್ಳುವಾಗ ಮಣಿಕಟ್ಟಿನ ಅಳತೆ ನೋಡ್ತೀವಾ? ಇಲ್ಲ, ಅಂಗೈ ದಾಟಬೇಕಲ್ಲ! ಇಲ್ಲೂ ಹಾಗೇ, ಹಿಮ್ಮಡಿ ದಾಟಬೇಕು. ಬಣ್ಣ ಬದಲಿಸುವ ಮೊದಲು ಬಲಗಡ್ಡಿಯ ಕುಣಿಕೆಗಳನ್ನು ಬೆರಳಿನಿಂದ ಅಗಲಿಸಿ, ಆಮೇಲೆ ಎಳೆ ತನ್ನಿ. 2 ಅಂಗುಲ ಚುಕ್ಕಿ ಆದ ಮೇಲೆ ಕುಣಿಕೆಗಳನ್ನು ಬೇರೊಂದು ದಾರಕ್ಕೆ ದಾಟಿಸಿ ನಿಮ್ಮ ಹಿಮ್ಮಡಿಗೆ ಏರಿಸಿ ನೋಡಿ. ಏರದಿದ್ದರೆ ಅಲ್ಲೇ ಬಿಚ್ಚಿಬಿಡಿ. ಎರಡು ಸಂಜೆಯ ಕೆಲಸ ಹೋಯಿತು ಅಂತ ಮರುಗಬೇಡಿ. ಬಿಗಿಯಾದರೆ ಮಗಳು ಫೋನಿನಲ್ಲಿ “ತುಂಬಾ ಚೆನ್ನಾಗಿದೆಯಮ್ಮಾ” ಅಂದು ಪೆಟ್ಟಿಗೆಯಲ್ಲಿ ಮಡಿಸಿಟ್ಟುಬಿಡ್ತಾಳೆ. ನಿಮಗೆ ಗೊತ್ತೇ ಆಗೋದಿಲ್ಲ.

ಒಗೆಯುವಾಗ ತಣ್ಣೀರು ಸಾಕು. ಹಿಂಡದೆ ಟವೆಲಿನಲ್ಲಿ ಸುತ್ತಿ ಒತ್ತಿ, ನೆರಳಿನಲ್ಲಿ ಹರವಿ ಒಣಗಿಸಿ.

ಎಂಟೆಸಳಿನ ನಕ್ಷತ್ರವನ್ನು ಮುಂದಿನ ಸಂಚಿಕೆಯಲ್ಲಿ ಹೆಣೆಯೋಣ. ಮಕ್ಕಳ ಚೌಕುಳಿ ಗಣಿತ ಪುಸ್ತಕದ ಒಂದು ಹಾಳೆ ತೆಗೆದಿಟ್ಟಿರಿ.